ತುಂಬಿದ ಬೋಟಿಗೆ ಯಾವ ಪ್ರೊಪೆಲ್ಲರ್?

ದೂರ ಪ್ರಯಾಣಕ್ಕೆ ಹೊರಟ ಮೋಟಾರ್‌ಬೋಟಿನವರಿಂದ ಈ ಸಲ ಬಂದ ಪತ್ರಗಳೆಲ್ಲ ಎಲ್ಲೆಲ್ಲೋ ಶುರುವಾಗಿ ಕೊನೆಗೆ ಪ್ರೊಪೆಲ್ಲರ್ ಹತ್ತಿರವೇ ಬಂದು ನಿಂತಿವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡು ಇಡೀ ಅಂಕಣವನ್ನು ಇದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನನ್ನದು 6 ಮೀಟರ್ ಉದ್ದದ ಫೈಬರ್ ಬೋಟು, 150 ಹೆಚ್‌ಪಿ ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಹೊರಗಿನಿಂದ ಕೂರಿಸುವ) ಎಂಜಿನ್, ಮೂರು ರೆಕ್ಕೆಯ 19 ಪಿಚ್ ಪ್ರೊಪೆಲ್ಲರ್. ಇಬ್ಬರೇ ಹೋದಾಗ ಪೂರ್ತಿ ಥ್ರಾಟಲ್‌ನಲ್ಲಿ 5,600 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಬರುತ್ತದೆ. ಈಗ ಐದು ಜನ ಒಂದು ವಾರದ ಪ್ರಯಾಣಕ್ಕೆ ಹೊರಟಿದ್ದೇವೆ. ಸಾಮಾನೆಲ್ಲ ಹೇರಿ ಒಮ್ಮೆ ಓಡಿಸಿ ನೋಡಿದರೆ 5,000 ದಾಟಲೇ ಇಲ್ಲ, ಬೋಟು ಮೇಲೆದ್ದು ನೀರಿನ ಮೇಲೆ ಜಾರುವುದಕ್ಕೂ ತುಂಬ ಹೊತ್ತು ಹಿಡಿಯಿತು. ಪ್ರೊಪೆಲ್ಲರ್ ಬದಲಿಸಬೇಕಾ? ಪಿಚ್ ಕಡಿಮೆ ಮಾಡಿದರೆ ವೇಗ ಹೋಗುತ್ತದೆ ಅಂತ ಗೆಳೆಯರು ಹೇಳುತ್ತಾರೆ.

ಬದಲಿಸಿ. ನೀವು ಹೊರಡುವ ಮೊದಲೇ ಸಾಮಾನು ಹೇರಿ ಓಡಿಸಿ ನೋಡಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಮುಗಿದಿದೆ. ಬಹಳ ಜನ ಈ ಒಂದು ಕೆಲಸ ಮಾಡುವುದೇ ಇಲ್ಲ. ಖಾಲಿ ಬೋಟಿಗೆ ಹೊಂದಿದ ಪ್ರೊಪೆಲ್ಲರನ್ನೇ ಹಾಕಿಕೊಂಡು ಪ್ರಯಾಣ ಹೊರಟುಬಿಡುತ್ತಾರೆ.

ಮೊದಲು ತೂಕ ನೋಡೋಣ. ಪೆಟ್ರೋಲು ಲೀಟರಿಗೆ ಮುಕ್ಕಾಲು ಕೆಜಿ ಹತ್ತಿರ ತೂಗುತ್ತದೆ. 200 ಲೀಟರ್ ಟ್ಯಾಂಕು ಅರ್ಧದ ಬದಲು ಪೂರ್ತಿ ತುಂಬಿದರೆ 75 ಕೆಜಿ ಜಾಸ್ತಿ. ಕ್ಯಾನ್‌ಗಳಲ್ಲಿ ಇನ್ನೊಂದು 80 ಲೀಟರ್ ಇಟ್ಟುಕೊಂಡರೆ 60 ಕೆಜಿ. ಕುಡಿಯುವ ನೀರು 60 ಲೀಟರ್ ಅಂದರೆ 60 ಕೆಜಿಯೇ. ಇನ್ನೂ ಮೂವರು, ಅವರ ಬ್ಯಾಗುಗಳು, ಎರಡನೇ ಲಂಗರು, ಹಗ್ಗ, ಡೇರೆ, ಒಲೆ, ದಿನಸಿ ಎಲ್ಲ ಕೂಡಿಸಿದರೆ ಅರ್ಧ ಟನ್ ದಾಟುವುದು ಕಷ್ಟವೇನಲ್ಲ. ಬೋಟು ಅದೇ, ಎಂಜಿನ್ ಅದೇ, ಆದರೆ ಪ್ರೊಪೆಲ್ಲರ್ ತಳ್ಳಬೇಕಾದ ಹೊರೆ ಬೇರೆ.

ಪಿಚ್ ಅಂದರೆ ಪ್ರೊಪೆಲ್ಲರ್ ಒಂದು ಸುತ್ತು ಬಂದಾಗ, ಸ್ವಲ್ಪವೂ ಜಾರದೆ ಹೋದರೆ ಎಷ್ಟು ಮುಂದೆ ಸಾಗಬಹುದು ಅನ್ನುವ ಅಳತೆ. 19 ಪಿಚ್ ಅಂದರೆ ಸುತ್ತಿಗೆ 19 ಇಂಚು. ಪಿಚ್ ಜಾಸ್ತಿ ಇದ್ದಷ್ಟೂ ಒಂದೊಂದು ಸುತ್ತಿಗೂ ಎಂಜಿನ್ ಹೆಚ್ಚು ಶ್ರಮ ಪಡಬೇಕು. ಹೊರೆ ಜಾಸ್ತಿ, ಪಿಚ್ಚೂ ಜಾಸ್ತಿ ಅಂದರೆ ಏರು ದಾರಿಯಲ್ಲಿ ಬೈಕನ್ನು ಟಾಪ್ ಗೇರಿನಲ್ಲೇ ಎಳೆದ ಹಾಗೆ. ಹೋಗುತ್ತದೆ, ಆದರೆ ಎಂಜಿನ್ ಒಳಗೊಳಗೇ ಒದ್ದಾಡುತ್ತಿರುತ್ತದೆ. ಸಿಲಿಂಡರಿನ ಬಿಸಿ ಏರುತ್ತದೆ, ಪೆಟ್ರೋಲ್ ಎಂಜಿನ್ ಆದರೆ ಇಂಧನ ತಪ್ಪು ಹೊತ್ತಿನಲ್ಲಿ ಸಿಡಿದು ಪಿಸ್ಟನ್‌ಗೆ ಪೆಟ್ಟು ಬೀಳುತ್ತದೆ. ಇಂಥ ಹಾನಿ ಸದ್ದು ಮಾಡಿಕೊಂಡು ಬರುವುದಿಲ್ಲ. ಎಷ್ಟೋ ಗಂಟೆ ಹಾಗೇ ಓಡಿಸಿದ ಮೇಲೆ, ಅದೂ ದಡದಿಂದ ದೂರ ಇರುವಾಗಲೇ ಗೊತ್ತಾಗುತ್ತದೆ.

ಇನ್ನು ಲೆಕ್ಕ. ಎಂಜಿನ್ನಿನ ಕೈಪಿಡಿಯಲ್ಲಿ ಪೂರ್ತಿ ಥ್ರಾಟಲ್‌ಗೆ ಎಷ್ಟರಿಂದ ಎಷ್ಟು ಆರ್‌ಪಿಎಂ ಬರಬೇಕು ಅಂತ ಬರೆದಿರುತ್ತದೆ. ನಿಮ್ಮದಕ್ಕೆ 5,000ದಿಂದ 6,000 ಅಂತ ಇದೆ ಎಂದುಕೊಳ್ಳೋಣ, ಈ ಗಾತ್ರದ ಅನೇಕ ಎಂಜಿನ್‌ಗಳಿಗೆ ಹಾಗೇ ಇರುತ್ತದೆ. ತುಂಬಿದ ಬೋಟಿನಲ್ಲಿ ನೀವು ಆ ಮಿತಿಯ ತಳದಲ್ಲಿದ್ದೀರಿ. ಅಲೆಯೋ ಎದುರುಗಾಳಿಯೋ ಸ್ವಲ್ಪ ಜಾಸ್ತಿಯಾದರೆ ಅದಕ್ಕೂ ಕೆಳಗೆ ಹೋಗುತ್ತೀರಿ. ಔಟ್‌ಬೋರ್ಡಿನಲ್ಲಿ ಪಿಚ್ ಒಂದು ಇಂಚು ಇಳಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ. 19ರಿಂದ 17ಕ್ಕೆ ಬಂದರೆ ತುಂಬಿದ ಬೋಟು 5,300-5,400ಕ್ಕೆ ಬರುತ್ತದೆ, ಇಬ್ಬರೇ ಇದ್ದಾಗ 5,900-6,000. ಎರಡೂ ಮಿತಿಯ ಒಳಗೇ ಇದೆ, ಮೇಲಾಗಿ ದಾರಿಯಲ್ಲಿ ಇಂಧನ ಖರ್ಚಾಗಿ ಬೋಟು ಹಗುರವಾಗುತ್ತಾ ಹೋದರೂ ಅದೇ ಪ್ರೊಪೆಲ್ಲರ್ ನಡೆಯುತ್ತದೆ. 15ಕ್ಕೆ ಇಳಿಸಿದರೆ ತುಂಬಿದಾಗ ಇನ್ನೂ ಆರಾಮ, ಆದರೆ ಖಾಲಿ ಬೋಟಿನಲ್ಲಿ ಥ್ರಾಟಲ್ ಪೂರ್ತಿ ಒತ್ತಿದರೆ ಎಂಜಿನ್ ಮಿತಿ ಮೀರುತ್ತದೆ. ನಿಮಗೆ 17 ಸರಿ.

ವೇಗ ಹೋಗುತ್ತದೆ ಅನ್ನುವ ಮಾತು ಖಾಲಿ ಬೋಟಿನ ಮಟ್ಟಿಗೆ ಸ್ವಲ್ಪ ನಿಜ. ತುಂಬಿದ ಬೋಟಿನಲ್ಲಿ ಅಲ್ಲ. 5,000ದಲ್ಲಿ ನಿಮ್ಮ ಎಂಜಿನ್ 150 ಹೆಚ್‌ಪಿ ಕೊಡುತ್ತಲೇ ಇಲ್ಲ, ಅಷ್ಟು ಶಕ್ತಿ ಬರುವುದು ಇನ್ನೂ ಮೇಲಿನ ಆರ್‌ಪಿಎಂನಲ್ಲಿ. ಪಿಚ್ ಇಳಿಸಿದ ಮೇಲೆ ಅದೇ ಹೊರೆಯಲ್ಲಿ ವೇಗ ಹಾಗೇ ಉಳಿದದ್ದೂ ಉಂಟು, ಏರಿದ್ದೂ ಉಂಟು. ಅಷ್ಟಕ್ಕೂ ವಾರದ ಪ್ರಯಾಣದಲ್ಲಿ ಪೂರ್ತಿ ಥ್ರಾಟಲ್‌ನಲ್ಲಿ ಎಷ್ಟು ಹೊತ್ತು ಇರುತ್ತೀರಿ ಹೇಳಿ? ಹೆಚ್ಚಿನ ಹೊತ್ತು ಕಳೆಯುವುದು 3,500-4,200ರ ನಡುವೆ. ಅಲ್ಲಿ ಬೇಕಾದದ್ದು ಬೇರೆ ಗುಣ. ಅಲೆ ಎದ್ದಾಗ ವೇಗ ಇಳಿಸಿದರೂ ಬೋಟು ಪಟ್ಟನೆ ಹಿಂಭಾಗ ಮುಳುಗಿಸಿ ಮೂತಿ ಎತ್ತಬಾರದು, ನೀರಿನ ಮೇಲೆ ಜಾರುತ್ತಲೇ ಇರಬೇಕು. ಕಡಿಮೆ ಪಿಚ್ ಇದಕ್ಕೆ ಅನುಕೂಲ.

ಪರೀಕ್ಷೆ ಮಾಡುವಾಗ ಎಂಜಿನ್ನಿನ ಟ್ರಿಮ್ ಕೋನವನ್ನು, ಅಂದರೆ ಅದು ವಾಲಿ ನಿಲ್ಲುವ ಕೋನವನ್ನು, ನಿಧಾನವಾಗಿ ಏರಿಸಿ, ಯಾವ ಹಂತದಲ್ಲಿ ಬೋಟು ಹಗುರವಾಗಿ ಓಡುತ್ತದೋ ಅಲ್ಲಿ ನಿಲ್ಲಿಸಿ, ಆಮೇಲೆ ಆರ್‌ಪಿಎಂ ಓದಿ. ಟ್ರಿಮ್ ಪೂರ್ತಿ ಕೆಳಗಿಟ್ಟು ಓದಿದರೆ ಇನ್ನೂರು ಮುನ್ನೂರು ಕಡಿಮೆಯೇ ತೋರಿಸುತ್ತದೆ, ಸುಮ್ನೆ ತಪ್ಪು ಪ್ರೊಪೆಲ್ಲರ್ ತಂದ ಹಾಗಾಗುತ್ತದೆ. ಭಾರದ ಸಾಮಾನನ್ನೂ ಒಂದಿಷ್ಟು ಮುಂದಕ್ಕೆ ಸರಿಸಿ ನೋಡಿ. ಹಿಂದೆ ರಾಶಿ ಹಾಕಿದ ಕ್ಯಾನ್‌ಗಳು ಬೋಟನ್ನು ಮೇಲೇಳಲು ಬಿಡುವುದಿಲ್ಲ.

ಪ್ರಶ್ನೆ: ಪ್ರೊಪೆಲ್ಲರ್ ಚೆನ್ನಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ನಾವೇ ಅಳೆಯಲು ಆಗುತ್ತದಾ?

ಆಗುತ್ತದೆ, ಕ್ಯಾಲ್ಕುಲೇಟರ್ ಮತ್ತು ಜಿಪಿಎಸ್ ಇದ್ದರೆ ಸಾಕು. ಎಂಜಿನ್ ಆರ್‌ಪಿಎಂ ಅನ್ನು ಗೇರ್ ಅನುಪಾತದಿಂದ (ಪ್ರೊಪೆಲ್ಲರ್ ಒಂದು ಸುತ್ತು ಬರಲು ಎಂಜಿನ್ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಅಂಕಿ) ಭಾಗಿಸಿ. ಬಂದದ್ದನ್ನು ಇಂಚಿನಲ್ಲಿರುವ ಪಿಚ್‌ನಿಂದ ಗುಣಿಸಿ. ಅದನ್ನು 656ರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಸಿಗುತ್ತದೆ. ನಾಟ್ (ಗಂಟೆಗೆ ಎಷ್ಟು ನಾಟಿಕಲ್ ಮೈಲಿ) ಲೆಕ್ಕ ಬೇಕಿದ್ದವರು 656ರ ಜಾಗದಲ್ಲಿ 1,215 ಹಾಕಿಕೊಳ್ಳಿ. ಉದಾಹರಣೆಗೆ 5,500 ಆರ್‌ಪಿಎಂ, ಗೇರ್ ಅನುಪಾತ 2, ಪಿಚ್ 17. ಪ್ರೊಪೆಲ್ಲರಿನ ಶಾಫ್ಟ್ ತಿರುಗುವುದು 2,750. ಲೆಕ್ಕದ ವೇಗ 71 ಕಿ.ಮೀ. ಜಿಪಿಎಸ್ ತೋರಿಸುವುದು 61 ಅಂದುಕೊಳ್ಳಿ. ವ್ಯತ್ಯಾಸ ಶೇ 14. ಇದನ್ನೇ ಸ್ಲಿಪ್ ಅನ್ನುತ್ತಾರೆ.

ಸ್ಲಿಪ್ ಅಂದ ತಕ್ಷಣ ನಷ್ಟ ಅಂತ ಹೆದರಬೇಡಿ. ಸ್ಲಿಪ್ ಸೊನ್ನೆ ಆದರೆ ತಳ್ಳುವ ಬಲವೇ ಹುಟ್ಟುವುದಿಲ್ಲ, ರೆಕ್ಕೆ ನೀರನ್ನು ಒಂದು ಕೋನದಲ್ಲಿ ಒತ್ತಲೇಬೇಕು. ಜಾರಿ ಓಡುವ ಹಗುರ ಬೋಟುಗಳಲ್ಲಿ ಶೇ 10ರಿಂದ 20 ಸಹಜ. ನೀರನ್ನು ಸೀಳಿಕೊಂಡು ನಿಧಾನ ಹೋಗುವ ಭಾರದ ಬೋಟಿನಲ್ಲಿ ಶೇ 40 ಬಂದರೂ ಅದು ಕಾಯಿಲೆ ಅಲ್ಲ.

ಈ ಲೆಕ್ಕದಿಂದ ನಿಜವಾದ ಲಾಭ ಇರುವುದು ಹೋಲಿಕೆಯಲ್ಲಿ. ಪ್ರಯಾಣದ ಮೊದಲ ದಿನ, ತಳ ಚೊಕ್ಕಟವಾಗಿದ್ದಾಗ, ತುಂಬಿದ ಬೋಟಿನಲ್ಲಿ ಎರಡು ಮೂರು ಆರ್‌ಪಿಎಂಗಳಲ್ಲಿ ಬಂದ ವೇಗವನ್ನು ಪುಸ್ತಕದಲ್ಲಿ ಬರೆದಿಡಿ. ಹರಿವಿರುವ ನೀರಾದರೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಳೆದು ಸರಾಸರಿ ತೆಗೆಯಿರಿ. ಆಮೇಲೆ ಒಂದು ದಿನ ಅದೇ ಆರ್‌ಪಿಎಂನಲ್ಲಿ ಸ್ಲಿಪ್ 14ರಿಂದ 25ಕ್ಕೆ ಹೋಯಿತು ಅಂದರೆ ಎಲ್ಲೋ ಏನೋ ಆಗಿದೆ ಅಂತ ಅರ್ಥ. ಕಳೆ ಸುತ್ತಿರಬಹುದು, ರೆಕ್ಕೆಯ ತುದಿ ಬಾಗಿರಬಹುದು, ತಳಕ್ಕೆ ಪಾಚಿ ಚಿಪ್ಪು ಹಿಡಿದಿರಬಹುದು, ಅಥವಾ ಹಬ್‌ನ, ಅಂದರೆ ಪ್ರೊಪೆಲ್ಲರಿನ ನಡುಭಾಗದ, ರಬ್ಬರ್ ಜಾರುತ್ತಿರಬಹುದು.

ಇಂಧನದ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ, ಗಂಟೆಗೆ ಎಷ್ಟು ಲೀಟರ್ ಅಂತಲ್ಲ, ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ. ಎರಡು ಪ್ರೊಪೆಲ್ಲರ್‌ಗಳಲ್ಲಿ ಯಾವುದು ಪ್ರಯಾಣಕ್ಕೆ ಒಳ್ಳೆಯದು ಅನ್ನುವುದನ್ನು ತೀರ್ಮಾನಿಸುವ ಅಂಕಿ ಅದೇ.

ಪ್ರಶ್ನೆ: ಮೂರು ರೆಕ್ಕೆಯೋ ನಾಲ್ಕು ರೆಕ್ಕೆಯೋ? ರೆಕ್ಕೆ ಜಾಸ್ತಿ ಇದ್ದರೆ ನೀರಿನ ಹಿಡಿತವೂ ಜಾಸ್ತಿ ಅಲ್ವಾ?

ಹಿಡಿತ ಜಾಸ್ತಿ, ಹೌದು. ಜೊತೆಗೆ ಎಳೆತವೂ ಜಾಸ್ತಿ. ಪ್ರತಿ ರೆಕ್ಕೆಯೂ ಮುಂದಿನ ರೆಕ್ಕೆ ಕದಡಿ ಬಿಟ್ಟ ನೀರಿನಲ್ಲೇ ಕೆಲಸ ಮಾಡಬೇಕು. ಬರೀ ಕಾರ್ಯಕ್ಷಮತೆ ನೋಡಿದರೆ ಒಂದೇ ರೆಕ್ಕೆ ಇರುವುದೇ ಲೇಸು, ಆದರೆ ಅದರ ನಡುಕ ತಡೆಯಲು ಸಾಧ್ಯವಿಲ್ಲ. ಮೂರು ರೆಕ್ಕೆ ಇವೆರಡರ ನಡುವಿನ ಒಪ್ಪಂದ.

ರೆಕ್ಕೆಯ ಮೇಲ್ಮೈ ದೊಡ್ಡದಾದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಪ್ರೊಪೆಲ್ಲರ್ ಹುಟ್ಟಿದ ಕಾಲದಿಂದಲೂ ಇದೆ. ಇಂಗ್ಲೆಂಡಿನ ಫ್ರಾನ್ಸಿಸ್ ಪೆಟಿಟ್ ಸ್ಮಿತ್ 1836ರಲ್ಲಿ ಪೇಟೆಂಟ್ ಪಡೆದದ್ದು ಮರದ ಉದ್ದನೆಯ ತಿರುಪಿಗೆ. 1837ರಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಅದನ್ನು ಪರೀಕ್ಷಿಸುವಾಗ ತಿರುಪಿನ ಅರ್ಧ ಭಾಗ ಮುರಿದು ಬಿತ್ತು. ದೋಣಿ ನಿಲ್ಲಲಿಲ್ಲ, ಮೊದಲಿಗಿಂತ ಜೋರಾಗಿ ಓಡಿತು! ಆಮೇಲೆ ಅವರು ವಿನ್ಯಾಸವನ್ನೇ ಗಿಡ್ಡ ಮಾಡಿದರು.

ಹಾಗಿದ್ದರೂ ಪ್ರಯಾಣಕ್ಕೆ, ಅದೂ ಭಾರ ಹೊತ್ತ ಔಟ್‌ಬೋರ್ಡ್ ಬೋಟಿಗೆ, ನನ್ನ ಆಯ್ಕೆ ನಾಲ್ಕು ರೆಕ್ಕೆ. ಬೋಟಿನ ಹಿಂಭಾಗವನ್ನು ಅದು ಚೆನ್ನಾಗಿ ಎತ್ತಿ ಹಿಡಿಯುತ್ತದೆ, ಕಡಿಮೆ ವೇಗದಲ್ಲೂ ಜಾರುತ್ತಲೇ ಇರಲು ಬಿಡುತ್ತದೆ, ತಿರುವಿನಲ್ಲಿ ಹಿಡಿತ ಬಿಡುವುದಿಲ್ಲ, ನಡುಕ ಕಡಿಮೆ. ದಿನವಿಡೀ ಕೂತು ಓಡಿಸುವಾಗ ನಡುಕ ಕಡಿಮೆ ಇರುವುದು ಎಷ್ಟು ದೊಡ್ಡ ವಿಷಯ ಅಂತ ಸಂಜೆಗೆ ಬೆನ್ನೇ ಹೇಳುತ್ತದೆ. ಗರಿಷ್ಠ ವೇಗ ಒಂದೆರಡು ಕಿಲೋಮೀಟರ್ ಇಳಿಯಬಹುದು, ಇಳಿಯಲಿ ಬಿಡಿ. ಮೂರರಿಂದ ನಾಲ್ಕಕ್ಕೆ ಹೋಗುವಾಗ ಪಿಚ್ ಒಂದು ಇಂಚು ಕಡಿಮೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಆರ್‌ಪಿಎಂ ಇಳಿಯುತ್ತದೆ. ಕೆಲವು ಪ್ರೊಪೆಲ್ಲರ್‌ಗಳ ರೆಕ್ಕೆಯ ಹಿಂಬದಿಯ ಅಂಚು ಸಣ್ಣಗೆ ಮಡಚಿದ ಹಾಗಿರುತ್ತದೆ, ಅದಕ್ಕೆ ಕಪ್ ಅನ್ನುತ್ತಾರೆ. ಕಪ್ ಇದ್ದರೆ ಎಂಜಿನ್ನಿಗೆ ಪಿಚ್ ಅರ್ಧ-ಒಂದು ಇಂಚು ಜಾಸ್ತಿ ಇದ್ದ ಹಾಗೆಯೇ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ: ನಾವು ಹೋಗುವ ನದಿಯಲ್ಲಿ ಬಂಡೆಗಳಿವೆ, ತೇಲುವ ಮರದ ದಿಮ್ಮಿಗಳೂ ಇವೆ. ಅಲ್ಯೂಮಿನಿಯಂ ತಗೊಳ್ಳಲಾ, ಸ್ಟೇನ್‌ಲೆಸ್ ಸ್ಟೀಲಾ?

ಸ್ಟೀಲ್ ಗಟ್ಟಿ. ಅದಕ್ಕೇ ಅದರ ರೆಕ್ಕೆಯನ್ನು ತೆಳ್ಳಗೆ ಮಾಡಬಹುದು, ಭಾರ ಬಿದ್ದಾಗ ಬಾಗುವುದೂ ಕಡಿಮೆ, ಹಾಗಾಗಿ ಅದೇ ಪಿಚ್‌ನ ಅಲ್ಯೂಮಿನಿಯಂಗಿಂತ ಚೆನ್ನಾಗಿ ಎಳೆಯುತ್ತದೆ. ಮರಳಿಗೆ ತಾಗಿದರೂ ಸವೆಯುವುದು ಕಡಿಮೆ. ಆಳವಾದ ನೀರಿನ ದೂರ ಪ್ರಯಾಣಕ್ಕೆ ಸ್ಟೀಲ್ ಅಂತಲೇ ಹೇಳುತ್ತೇನೆ.

ಬಂಡೆ ಇರುವಲ್ಲಿ ಮಾತು ಬೇರೆ. ಅಲ್ಯೂಮಿನಿಯಂ ರೆಕ್ಕೆ ಪೆಟ್ಟು ಬಿದ್ದಾಗ ತಾನು ಬಾಗುತ್ತದೆ, ಮುರಿಯುತ್ತದೆ. ಆ ಮೂಲಕ ಪೆಟ್ಟಿನ ಒಂದು ಪಾಲನ್ನು ತಾನೇ ತಿನ್ನುತ್ತದೆ. ಸ್ಟೀಲ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಪೆಟ್ಟು ಶಾಫ್ಟ್ ಮತ್ತು ಗೇರಿನ ಕಡೆ ಹೋಗುತ್ತದೆ. ಹಬ್ ಒಳಗಿನ ರಬ್ಬರ್ ಅಥವಾ ಪ್ಲಾಸ್ಟಿಕ್ ಬುಷ್ ಇರುವುದೇ ಇಂಥ ಪೆಟ್ಟನ್ನು ಹೀರಿಕೊಳ್ಳಲು, ಆದರೆ ಜೋರಾಗಿ ಬಿದ್ದ ಪೆಟ್ಟಿಗೆ ಅದೊಂದೇ ಸಾಲುವುದಿಲ್ಲ. ನಿಮ್ಮ ನದಿಗೆ ಅಲ್ಯೂಮಿನಿಯಂ ಒಂದು ಎಂಜಿನ್ನಿನಲ್ಲಿ, ಇನ್ನೊಂದು ಬೋಟಿನ ಒಳಗೆ. ಬಾಗಿದ್ದನ್ನು ಬಿಚ್ಚಿ ಇನ್ನೊಂದನ್ನು ಹಾಕಿ ಮುಂದೆ ಹೋಗಬಹುದು. ಗೇರ್ ಕೆಟ್ಟರೆ ಪ್ರಯಾಣ ಅಲ್ಲೇ ಮುಗಿಯಿತು.

ಹಬ್ ಬಗ್ಗೆ ಒಂದು ಕೆಲಸ ಇವತ್ತೇ ಮಾಡಿ. ಪ್ರೊಪೆಲ್ಲರ್ ಹಿಂದಿನಿಂದ ನೋಡಿದರೆ ನಡುವೆ ಲೋಹದ ಕೊಳವೆ, ಅದರ ಸುತ್ತ ರಬ್ಬರ್, ಆಮೇಲೆ ಹೊರಗಿನ ಲೋಹ ಕಾಣುತ್ತದೆ. ಒಳಗಿನ ಕೊಳವೆಯಿಂದ ರಬ್ಬರ್ ಮೇಲೆ ಹಾದು ಹೊರಗಿನ ಲೋಹದವರೆಗೆ ಬಣ್ಣದಿಂದ ಒಂದು ನೇರ ಗೆರೆ ಎಳೆಯಿರಿ. ಪೆಟ್ಟು ಬಿದ್ದ ಮೇಲೆ ಥ್ರಾಟಲ್ ಕೊಟ್ಟರೆ ಎಂಜಿನ್ ಕಿರುಚುತ್ತದೆ, ಬೋಟು ಮಾತ್ರ ಓಡುವುದಿಲ್ಲ ಅಂದಾಗ ಆ ಗೆರೆ ನೋಡಿ. ಎರಡು ತುಂಡಾಗಿ ಪಕ್ಕಕ್ಕೆ ಸರಿದಿದ್ದರೆ ರಬ್ಬರ್ ಜಾರಿದೆ. ಹಾಗಾದರೂ ನಿಧಾನಕ್ಕೆ, ಎಂಜಿನ್ ಐಡಲ್‌ಗಿಂತ ಸ್ವಲ್ಪವೇ ಮೇಲಿಟ್ಟುಕೊಂಡು, ದಡ ಸೇರುವುದು ಬಹಳ ಸಲ ಸಾಧ್ಯವಾಗುತ್ತದೆ.

ಪ್ರಶ್ನೆ: ಜೋರಾಗಿ ತಿರುಗಿಸಿದಾಗ ಎಂಜಿನ್ ಸದ್ದು ಒಮ್ಮೆಲೇ ಏರಿ ಬೋಟು ನಿಂತ ಹಾಗಾಗುತ್ತದೆ. ಕ್ಯಾವಿಟೇಶನ್ ಅಂತಾರೆ, ಪ್ರೊಪೆಲ್ಲರ್ ಬದಲಿಸಬೇಕಂತೆ.

ನೀವು ಬರೆದ ಲಕ್ಷಣ ಕ್ಯಾವಿಟೇಶನ್‌ದಲ್ಲ, ವೆಂಟಿಲೇಶನ್‌ದು. ಪ್ರೊಪೆಲ್ಲರ್ ಮೇಲಿನಿಂದ ಗಾಳಿಯನ್ನೋ ಎಂಜಿನ್ನಿನ ಹೊಗೆಯನ್ನೋ ಎಳೆದುಕೊಂಡಿದೆ. ಗಾಳಿಯಲ್ಲಿ ತಿರುಗಲು ಶ್ರಮವೇ ಇಲ್ಲವಲ್ಲ, ಅದಕ್ಕೇ ಆರ್‌ಪಿಎಂ ಹಾರುತ್ತದೆ. ಕ್ಯಾವಿಟೇಶನ್ ಬೇರೆ. ರೆಕ್ಕೆಯ ಒಂದು ಬದಿಯಲ್ಲಿ ಒತ್ತಡ ತೀರಾ ಇಳಿದು ಮಾಮೂಲಿ ತಾಪಮಾನದಲ್ಲೇ ನೀರು ಆವಿಯಾಗಿ ಗುಳ್ಳೆ ಕಟ್ಟುತ್ತದೆ, ಆ ಗುಳ್ಳೆ ಒಡೆಯುವಾಗ ಲೋಹವನ್ನೇ ಕಚ್ಚಿ ತೆಗೆಯುತ್ತದೆ. ರೆಕ್ಕೆಯ ಮೇಲೆ ಸಣ್ಣ ಸಣ್ಣ ಗುಂಡಿಗಳು, ಸುಟ್ಟು ಬಣ್ಣ ಹೋದಂಥ ಮಚ್ಚೆ ಕಂಡರೆ ಅದು ಕ್ಯಾವಿಟೇಶನ್.

ನಿಮ್ಮದಕ್ಕೆ ಪ್ರೊಪೆಲ್ಲರ್ ಕೊಳ್ಳುವ ಮೊದಲು ಎಂಜಿನ್ ಕೂರಿಸಿದ ಎತ್ತರ ನೋಡಿ. ಪ್ರೊಪೆಲ್ಲರ್ ಮೇಲೆ ಚಪ್ಪಟೆ ತಟ್ಟೆ ಇರುತ್ತದಲ್ಲ, ಅದು ಬೋಟಿನ ತಳದ ಮಟ್ಟಕ್ಕೆ ಸಮನಾಗಿ ಅಥವಾ ಒಂದು ಇಂಚಿನಷ್ಟು ಮೇಲಿದ್ದರೆ ಸಾಕು. ತುಂಬ ಮೇಲಿದ್ದರೆ ಕೆಳಗಿಳಿಸಿ. ತಿರುಗಿಸುವಾಗ ಟ್ರಿಮ್ ಕೂಡ ಇಳಿಸಿ. ಇಷ್ಟೆಲ್ಲ ಮಾಡಿದರೂ ಹೋಗದಿದ್ದರೆ ಆಗ ನಾಲ್ಕು ರೆಕ್ಕೆ ಅಥವಾ ಕಪ್ ಇರುವ ಪ್ರೊಪೆಲ್ಲರ್ ನೋಡೋಣ.

ಪ್ರಶ್ನೆ: ನಮ್ಮದು ಹಳೆಯ 11 ಮೀಟರ್ ಬೋಟು, ನೀರಿನ ಮಟ್ಟದಲ್ಲಿ ಉದ್ದ 10 ಮೀಟರ್, ಒಳಗೆ ಡೀಸೆಲ್ ಎಂಜಿನ್. 2,800 ಆರ್‌ಪಿಎಂ ಬರಬೇಕಾದಲ್ಲಿ 2,350 ಅಷ್ಟೇ ಬರುತ್ತದೆ, ಜೋರು ಮಾಡಿದರೆ ಕಪ್ಪು ಹೊಗೆ. ಮೆಕ್ಯಾನಿಕ್ ಮಾತ್ರ ಪಿಚ್ ಜಾಸ್ತಿ ಇದ್ದರೆ ಡೀಸೆಲ್ ಉಳಿಯುತ್ತದೆ, ಹಾಗೇ ಇರಲಿ ಅನ್ನುತ್ತಾರೆ. ದ್ವೀಪಗಳ ಕಡೆ ತಿಂಗಳ ಪ್ರಯಾಣ ಇದೆ.

ಹಾಗೇ ಇರುವುದು ಬೇಡ. ಇದರ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಯಾಕಂದರೆ ಡೀಸೆಲ್ ಎಂಜಿನ್‌ಗಳು ಹೀಗೆ ಮೆಲ್ಲಗೆ ಹಾಳಾಗುವುದು ಬಹಳ ಸಾಮಾನ್ಯ, ಮತ್ತು ತಪ್ಪಿಸುವುದು ಅಷ್ಟೇ ಸುಲಭ.

ಮೆಕ್ಯಾನಿಕ್ ಮಾತಿನಲ್ಲಿ ಅರ್ಧ ಸತ್ಯ ಇದೆ. ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್ನಿಗೆ ಸ್ವಲ್ಪ ಹೊರೆ ಜಾಸ್ತಿ ಇದ್ದರೆ ಡೀಸೆಲ್ ಒಂದಿಷ್ಟು ಚೆನ್ನಾಗಿ ಉರಿಯುತ್ತದೆ. ಆದರೆ ನಿಮ್ಮದು ಸ್ವಲ್ಪ ಅಲ್ಲ, 450 ಆರ್‌ಪಿಎಂ ಕಡಿಮೆ. ಎಂಜಿನ್ನಿನ ಗವರ್ನರ್ ನೀವು ಕೇಳಿದ ಆರ್‌ಪಿಎಂ ತಲುಪಲು ಡೀಸೆಲ್ ಸುರಿಯುತ್ತಲೇ ಇರುತ್ತದೆ, ಅದನ್ನು ಉರಿಸುವಷ್ಟು ಗಾಳಿ ಒಳಗೆ ಇಲ್ಲ. ಉರಿಯದೆ ಉಳಿದದ್ದೇ ಕಪ್ಪು ಹೊಗೆ. ಜೊತೆಗೆ ಹೊಗೆಯ ಬಿಸಿ ಏರಿ ವಾಲ್ವ್‌ಗಳು, ಪಿಸ್ಟನ್‌ಗಳು ಸುಡುತ್ತವೆ. ಪ್ರಯಾಣದ ಹೊರೆ ಪೂರ್ತಿ ಹೇರಿ, ತಳ ಚೊಕ್ಕಟವಾಗಿದ್ದಾಗ, ಎಂಜಿನ್ ತನ್ನ ನಿಗದಿತ ಗರಿಷ್ಠ ಆರ್‌ಪಿಎಂ ಮುಟ್ಟಲೇಬೇಕು. ಐವತ್ತು ನೂರು ದಾಟಿದರೆ ಇನ್ನೂ ಒಳ್ಳೆಯದು, ತಿಂಗಳಲ್ಲಿ ತಳಕ್ಕೆ ಪಾಚಿ ಹಿಡಿದು ಅಷ್ಟು ಇಳಿದೇ ಇಳಿಯುತ್ತದೆ.

ಸರಿಯಾದ ಪ್ರೊಪೆಲ್ಲರ್ ಇದ್ದರೆ ನಿಧಾನ ಹೋಗಿಯೇ ಡೀಸೆಲ್ ಉಳಿಸಬಹುದು. ಪ್ರೊಪೆಲ್ಲರ್ ಕೇಳುವ ಶಕ್ತಿ ಹೆಚ್ಚು ಕಡಿಮೆ ಆರ್‌ಪಿಎಂನ ಘನದಂತೆ ಏರುತ್ತದೆ. ಗರಿಷ್ಠದ ಶೇ 80ರಲ್ಲಿ ಓಡಿಸಿದರೆ ಬೇಕಾಗುವ ಶಕ್ತಿ ಅರ್ಧ ಮಾತ್ರ. ಇನ್ನರ್ಧ ಕೈಯಲ್ಲೇ ಇರುತ್ತದೆ. ಎದುರುಗಾಳಿ ಬಂದಾಗ, ಹರಿವಿನ ವಿರುದ್ಧ ಬಂದರಿನ ಬಾಯಿ ಹೊಗುವಾಗ, ಇನ್ನೊಂದು ಬೋಟನ್ನು ಎಳೆದು ತರಬೇಕಾದಾಗ ಆ ಅರ್ಧವೇ ನಿಮ್ಮನ್ನು ಕಾಯುವುದು. ನಿಮ್ಮ ಈಗಿನ ಪ್ರೊಪೆಲ್ಲರ್ ಆ ಅರ್ಧವನ್ನು ಮೊದಲೇ ತಿಂದು ಕೂತಿದೆ.

ಇನ್ನೊಂದು ವಿಷಯ. ನೀರನ್ನು ಸೀಳಿಕೊಂಡು ಹೋಗುವ ಬೋಟಿಗೆ ಅದರ ಉದ್ದವೇ ವೇಗದ ಮಿತಿ. ನೀರಿನ ಮಟ್ಟದ ಉದ್ದ ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 2.43ರಿಂದ ಗುಣಿಸಿ. ನಿಮ್ಮ 10 ಮೀಟರಿಗೆ 7.7 ನಾಟ್, ಗಂಟೆಗೆ 14 ಕಿ.ಮೀ. ಅದಕ್ಕಿಂತ ಮೇಲೆ ತಳ್ಳಿದರೆ ಬೋಟು ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತದೆ, ಡೀಸೆಲ್ ಮಾತ್ರ ಹೋಗುತ್ತದೆ. ಹಾಗಾಗಿ ನಿಮಗೆ ಪಿಚ್ ಏರಿಸಿ ವೇಗ ಗಳಿಸುವ ದಾರಿಯೇ ಇಲ್ಲ. ದೊಡ್ಡ ವ್ಯಾಸ, ನಿಧಾನ ತಿರುಗುವಿಕೆ, ಹೊಂದುವಷ್ಟೇ ಪಿಚ್, ಇದು ಭಾರದ ಬೋಟಿನ ಪ್ರೊಪೆಲ್ಲರ್.

ಪ್ರೊಪೆಲ್ಲರ್ ಬಿಚ್ಚುವ ಮೊದಲು ಬೇರೆ ಕಾರಣ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ತಳದಲ್ಲಿ ಚಿಪ್ಪು ಹಿಡಿದಿದೆಯಾ, ಡೀಸೆಲ್ ಫಿಲ್ಟರ್ ಕಟ್ಟಿದೆಯಾ, ಗಾಳಿಯ ಫಿಲ್ಟರ್, ಹೊಗೆ ಕೊಳವೆಯ ಬಾಗು, ಥ್ರಾಟಲ್ ಕೇಬಲ್ ಕೊನೆಯವರೆಗೂ ಎಳೆಯುತ್ತಿದೆಯಾ. ಆರ್‌ಪಿಎಂ ಮೀಟರನ್ನೂ ಬೇರೆ ಉಪಕರಣದಿಂದ ಒಮ್ಮೆ ಪರೀಕ್ಷಿಸಿ, ಹಳೆಯ ಬೋಟುಗಳಲ್ಲಿ ಅದೇ ಸುಳ್ಳು ಹೇಳುವುದುಂಟು. ನ್ಯೂಟ್ರಲ್‌ನಲ್ಲಿ ಗರಿಷ್ಠ ಆರ್‌ಪಿಎಂ ಬಂದು ಗೇರಿನಲ್ಲಿ ಬರದೇ ಹೋದರೆ ಅನುಮಾನ ಪ್ರೊಪೆಲ್ಲರ್ ಮತ್ತು ತಳದ ಕಡೆಗೇ ಹೆಚ್ಚು.

ಆಮೇಲೆ ಅನುಭವ ಇರುವ ಪ್ರೊಪೆಲ್ಲರ್ ವರ್ಕ್‌ಶಾಪಿಗೆ ಕೊಡಿ. ಕಂಚಿನ ಪ್ರೊಪೆಲ್ಲರಿನ ಪಿಚ್ಚನ್ನು ಒಂದೆರಡು ಇಂಚಿನ ಮಟ್ಟಿಗೆ ತಿದ್ದಿಕೊಡಲು ಆಗುತ್ತದೆ. ವ್ಯಾಸ ಕತ್ತರಿಸುವುದು ಕೊನೆಯ ದಾರಿ ಇರಲಿ. ವ್ಯಾಸದ ಒಂದು ಇಂಚು ಎಂಜಿನ್ ಮೇಲೆ ಪಿಚ್‌ನ ಎರಡು ಮೂರು ಇಂಚಿನಷ್ಟು ಹೊರೆ ಹಾಕುತ್ತದೆ, ಹಾಗಾಗಿ ಒಂದು ಸಲ ಕತ್ತರಿಸಿದರೆ ಬದಲಾವಣೆ ದೊಡ್ಡದು, ಹಿಂದಕ್ಕೆ ಬರಲಾಗದು. ಹೊಸದೇ ಕೊಳ್ಳುವುದಾದರೆ ರೆಕ್ಕೆಯ ತುದಿಗೂ ಬೋಟಿನ ತಳಕ್ಕೂ ನಡುವೆ ವ್ಯಾಸದ ಶೇ 10ರಿಂದ 15ರಷ್ಟು ಜಾಗ ಉಳಿಯಬೇಕು. 20 ಇಂಚಿನ ಪ್ರೊಪೆಲ್ಲರ್ ಆದರೆ 2-3 ಇಂಚು. ಜಾಗ ಕಡಿಮೆಯಾದರೆ ಪ್ರತಿ ರೆಕ್ಕೆಯೂ ಹಾದುಹೋಗುವಾಗ ತಳಕ್ಕೆ ಗುದ್ದಿದ ಹಾಗೆ ಸದ್ದು, ನಡುಕ. ಉಪ್ಪುನೀರಿಗೆ ನಿಕ್ಕಲ್ ಅಲ್ಯೂಮಿನಿಯಂ ಕಂಚನ್ನು ಕೇಳಿ. ಮ್ಯಾಂಗನೀಸ್ ಕಂಚು ಅಂತ ಮಾರುವುದರಲ್ಲಿ ಸತುವಿನ ಪಾಲು ಜಾಸ್ತಿ, ಸಮುದ್ರದ ನೀರಿನಲ್ಲಿ ಆ ಸತು ಕರಗಿ ಹೋದರೆ ಲೋಹ ಗುಲಾಬಿ ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗುತ್ತದೆ. ಶಾಫ್ಟಿನ ಮೇಲಿನ ಸತುವಿನ ತುಂಡು ಸವೆದಿದ್ದರೆ ಅದನ್ನೂ ಹೊರಡುವ ಮೊದಲು ಬದಲಿಸಿ.

ಪ್ರಶ್ನೆ: ಬೆಟ್ಟದ ಮೇಲಿನ ಸರೋವರಕ್ಕೆ ಬೋಟು ತೆಗೆದುಕೊಂಡು ಹೋಗುತ್ತಿದ್ದೇವೆ, ಸುಮಾರು 1,500 ಮೀಟರ್ ಎತ್ತರ. ಅದೇ ಪ್ರೊಪೆಲ್ಲರ್ ನಡೆಯುತ್ತದಾ?

ಕಷ್ಟ. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರಿಗೆ ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿ ತೆಳುವಾಗುವುದರಿಂದ. 1,500ರಲ್ಲಿ ಶೇ 15 ಹೋಯಿತು. ಪಿಚ್ ಎರಡು ಇಂಚು ಕಡಿಮೆ ಇರುವುದನ್ನು ತೆಗೆದುಕೊಂಡು ಹೋಗಿ, ಅಲ್ಲಿ ಆರ್‌ಪಿಎಂ ನೋಡಿ ಖಚಿತ ಮಾಡಿಕೊಳ್ಳಿ. ಕೆಳಗಿಳಿದ ಮೇಲೆ ಹಳೆಯದನ್ನೇ ಹಾಕಿ, ಮರೆಯಬೇಡಿ.

ಪ್ರಶ್ನೆ: ಎರಡು ಎಂಜಿನ್ ಇರುವ ಬೋಟಿಗೆ ಬಿಡಿ ಪ್ರೊಪೆಲ್ಲರ್ ಎಷ್ಟು ಬೇಕು? ಬದಲಿಸಲು ಏನೇನು ಜೊತೆಗಿರಬೇಕು?

ನಿಮ್ಮ ಎಂಜಿನ್‌ಗಳು ಒಂದಕ್ಕೊಂದು ಎದುರು ದಿಕ್ಕಿನಲ್ಲಿ ತಿರುಗುವಂಥವಾದರೆ ಬಲಕ್ಕೆ ತಿರುಗುವುದು ಒಂದು, ಎಡಕ್ಕೆ ತಿರುಗುವುದು ಒಂದು, ಎರಡೂ ಬೇಕು. ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಒಂದು ಎಂಜಿನ್ ನಿಂತು ಇನ್ನೊಂದರಲ್ಲೇ ಮನೆಗೆ ಬರಬೇಕಾದರೆ ಥ್ರಾಟಲ್ ಅರ್ಧದ ಒಳಗೇ ಇರಲಿ. ಆ ಪ್ರೊಪೆಲ್ಲರ್ ಆರಿಸಿದ್ದು ಎರಡು ಎಂಜಿನ್ ಸೇರಿ ತಳ್ಳುವ ಬೋಟಿಗೆ, ಒಂದಕ್ಕೇ ಅದು ವಿಪರೀತ ಭಾರ.

ಬಿಡಿ ಪ್ರೊಪೆಲ್ಲರ್ ಅದೇ ಪಿಚ್‌ನದಿರಲಿ, ಇಲ್ಲವೇ ಕಡಿಮೆಯದು. ಹಳೆಯ ಜಾಸ್ತಿ ಪಿಚ್‌ನದನ್ನೇ ಇಟ್ಟುಕೊಳ್ಳುತ್ತೀರಾದರೆ ಅದರಲ್ಲಿ ಆರ್‌ಪಿಎಂ ಏರಿಸದೆ ಹತ್ತಿರದ ಬಂದರು ಸೇರುವಷ್ಟಕ್ಕೆ ಮಾತ್ರ ಬಳಸಿ. ಬರೀ ಪ್ರೊಪೆಲ್ಲರ್ ಇಟ್ಟುಕೊಂಡರೆ ಪ್ರಯೋಜನ ಇಲ್ಲ. ನಟ್, ಹಿಂದಿನ ಮುಂದಿನ ವಾಷರ್‌ಗಳು, ನಾಲ್ಕೈದು ಕಾಟರ್ ಪಿನ್, ಅದೇ ಅಳತೆಯ ಸ್ಪ್ಯಾನರ್, ಇಕ್ಕಳ, ನೀರಿಗೆ ತೊಳೆದು ಹೋಗದ ಗ್ರೀಸ್, ಒಂದು ಮರದ ತುಂಡು. ಇವೆಲ್ಲ ಒಂದೇ ಚೀಲದಲ್ಲಿರಲಿ.

ಬದಲಿಸುವಾಗ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ಕಿಲ್ ಸ್ವಿಚ್ಚಿನ (ಎಂಜಿನ್ ಒಮ್ಮೆಲೇ ನಿಲ್ಲಿಸುವ ಸ್ವಿಚ್) ಹುರಿಯನ್ನೂ ಕಿತ್ತಿಡಿ. ಮರದ ತುಂಡನ್ನು ರೆಕ್ಕೆಗೂ ಮೇಲಿನ ತಟ್ಟೆಗೂ ನಡುವೆ ಸಿಕ್ಕಿಸಿದರೆ ಪ್ರೊಪೆಲ್ಲರ್ ತಿರುಗದೆ ನಿಲ್ಲುತ್ತದೆ, ಕೈಯಲ್ಲಿ ರೆಕ್ಕೆ ಹಿಡಿಯಲು ಹೋಗಬೇಡಿ, ಅಂಚು ಚಾಕುವಿನಷ್ಟೇ ಹರಿತ. ಕೆಳಗೆ ಒಂದು ಬಟ್ಟೆ ಹಿಡಿಯಲು ಇನ್ನೊಬ್ಬರಿಗೆ ಹೇಳಿ. ಪ್ರೊಪೆಲ್ಲರ್ ಹೊರಗೆ ಎಳೆದಾಗ ಅದರ ಮುಂಬದಿಯ ದಪ್ಪ ವಾಷರ್ ಗ್ರೀಸಿಗೆ ಅಂಟಿಕೊಂಡು ಜೊತೆಗೇ ಬರುತ್ತದೆ, ಗಮನಿಸದಿದ್ದರೆ ಅರ್ಧ ದಾರಿಯಲ್ಲಿ ಕಳಚಿ ನೀರಿಗೆ ಬೀಳುತ್ತದೆ. ಪ್ರೊಪೆಲ್ಲರಿನ ತಳ್ಳುವ ಬಲವೆಲ್ಲ ಶಾಫ್ಟಿಗೆ ದಾಟುವುದು ಆ ವಾಷರ್ ಮೂಲಕವೇ. ಅದಿಲ್ಲದೆ ಹೊಸ ಪ್ರೊಪೆಲ್ಲರ್ ಹಾಕಿದರೆ ಹಬ್ ಮುಂದಕ್ಕೆ ಸರಿದು ಗೇರಿನ ಹೊದಿಕೆಯನ್ನು ಉಜ್ಜುತ್ತದೆ.

ಬಿಚ್ಚಿದ ಮೇಲೆ ಶಾಫ್ಟಿನ ಬುಡವನ್ನು ಟಾರ್ಚ್ ಹಾಕಿ ನೋಡಿ. ಮೀನಿನ ಗಾಳದ ದಾರ ಅಲ್ಲಿ ಬಿಗಿಯಾಗಿ ಸುತ್ತಿ, ಬಿಸಿಗೆ ಕರಗಿ, ಪ್ಲಾಸ್ಟಿಕ್ ಉಂಗುರದ ಹಾಗೆ ಕೂತಿರುತ್ತದೆ. ಮೊನಚಿಲ್ಲದ ಕಡ್ಡಿಯಿಂದ ಎಬ್ಬಿಸಿ ತೆಗೆಯಿರಿ. ಅದು ಆಯಿಲ್ ಸೀಲನ್ನು ಕತ್ತರಿಸಿದ್ದರೆ ಗೇರ್ ಎಣ್ಣೆಗೆ ನೀರು ಸೇರಿ ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ, ಆಗ ಮುಂದೆ ಹೋಗದೆ ಸೀಲ್ ಬದಲಿಸಿ. ಎಲ್ಲ ಸರಿ ಇದ್ದರೆ ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಹಚ್ಚಿ, ವಾಷರಿನ ಇಳಿಜಾರು ಬದಿ ಶಾಫ್ಟಿನ ಇಳಿಜಾರಿಗೆ ಕೂರುವಂತೆ ಹಾಕಿ, ಪ್ರೊಪೆಲ್ಲರ್ ಸೇರಿಸಿ, ನಟ್ಟನ್ನು ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿ ಮಾಡಿ, ಹೊಸ ಕಾಟರ್ ಪಿನ್ ಹಾಕಿ ತುದಿ ಮಡಚಿ. ಇಡೀ ಕೆಲಸವನ್ನು ಹೊರಡುವ ಮೊದಲು ದಡದ ಮೇಲೆ ಒಮ್ಮೆ ಮಾಡಿ ನೋಡಿ, ಬೋಟಿನಲ್ಲಿ ಬರುವ ಇನ್ನೊಬ್ಬರ ಕೈಯಲ್ಲೂ ಮಾಡಿಸಿ.